ಮೌಖರ್ಯ, ಅತಿಪ್ರಲಾಪ, ಬಡಬಡಿಕೆ: ತಡೆಯಿಲ್ಲದ ಮಾತಿನ ಚರಿತ್ರೆ

ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಒಂದು ಗಿರಣಿಯಿಂದ. 1884ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಎರಡು ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪೆನಿಯ ಆಡಳಿತಕ್ಕೆ ಸೇರಿತು. ಗಿರಣಿಯ ಸುತ್ತ ಬೆಳೆದ ವಸತಿ ಬಿನ್ನಿಪೇಟೆಯಾಯಿತು. ಇಲ್ಲಿಂದ ಪೂರ್ವಕ್ಕೆ ಕಾಟನ್‌ಪೇಟೆ. ಅಲ್ಲಿ ತವಕ್ಕಲ್ ಮಸ್ತಾನರ ದರ್ಗಾ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಈ ದರ್ಗಾಕ್ಕೆ ಬಂದೇ ಮುಂದೆ ಸಾಗುತ್ತದೆ. ಇನ್ನಷ್ಟು ದೂರ ಆಗ್ನೇಯಕ್ಕೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ. ಗಿರಣಿ, ದರ್ಗಾ, ಆಸ್ಪತ್ರೆ ಈ ಮೂರೂ ಒಂದು ಗಂಟೆಯ ಕಾಲ್ನಡಿಗೆಯೊಳಗಿವೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದ ಗಿರಣಿ, ಲೋಕದ ಎಚ್ಚರ ಮೀರಿದವನನ್ನು 'ಮಸ್ತಾನ'ನೆಂದು, ಅಂದರೆ ದೈವದಲ್ಲಿ ಮತ್ತನಾದವನೆಂದು, ಗೌರವಿಸುವ ದರ್ಗಾ, ಅದೇ ಎಚ್ಚರ ಮೀರಿದ ಸ್ಥಿತಿಗೆ ರೋಗದ ಹೆಸರು ಕೊಡುವ ಆಸ್ಪತ್ರೆ. ಈ ಬೀದಿಗಳಲ್ಲಿ ಯಾವನಾದರೂ ಒಬ್ಬನು ಒಂದು ಬೆಳಗ್ಗೆ ಮಾತನಾಡಲಾರಂಭಿಸಿ ನಿಲ್ಲಿಸಲಾರದೆ ಹೋದರೆ ಅವನನ್ನು ಯಾವ ಬಾಗಿಲಿಗೆ ಕರೆದೊಯ್ಯಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಕಾಲದಿಂದ ಕಾಲಕ್ಕೆ ಬದಲಾಗಿವೆ. ತಪ್ಪು ಉತ್ತರದ ಬೆಲೆಯನ್ನು ತೆತ್ತವನು ಮಾತ್ರ ಸದಾ ಆ ಮಾತನಾಡಿದವನೇ.

ಅತಿಯಾದ ಮಾತಿನ ಬಗೆಗೆ ಭಾರತೀಯ ಶಾಸ್ತ್ರಗಳಲ್ಲಿ ಮೊದಲು ತೀರ್ಪು ಕೊಟ್ಟವರಲ್ಲಿ ವೈಯಾಕರಣರು ಪ್ರಮುಖರು. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅಕ್ಕಪಕ್ಕದ ಎರಡು ಸೂತ್ರಗಳಿವೆ (124, 125). ಮೊದಲನೆಯದು 'ವಾಗ್ಮಿ' ಎಂಬ ಪದವನ್ನು ಸಾಧಿಸುತ್ತದೆ; ಎರಡನೆಯದು ಬಹುವಾಗಿ ಮಾತನಾಡುವವನಿಗೆ 'ವಾಚಾಲ', 'ವಾಚಾಟ' ಎಂಬ ಪದಗಳನ್ನು. ಪ್ರಕೃತಿ ಒಂದೇ, 'ವಾಕ್'. ಪ್ರತ್ಯಯ ಮಾತ್ರ ಬೇರೆ. ವಾರ್ತಿಕಕಾರನು ಎರಡನೆಯದನ್ನು ನಿಂದೆಯ ಅರ್ಥಕ್ಕೆ ಸೀಮಿತಗೊಳಿಸುತ್ತಾನೆ; ಕಾಶಿಕಾಕಾರರು, ಚೆನ್ನಾಗಿ ಬಹಳ ಮಾತನಾಡುವವನು ವಾಗ್ಮಿಯೇ ಹೊರತು ವಾಚಾಲನಲ್ಲವೆಂದು ಸ್ಪಷ್ಟಪಡಿಸುತ್ತಾರೆ. ಅಮರಸಿಂಹನೂ ಜಲ್ಪಾಕ, ವಾಚಾಲ, ವಾಚಾಟ ಶಬ್ದಗಳನ್ನು ಹೇಯವಾದುದನ್ನು ಬಹಳವಾಗಿ ಆಡುವವನಿಗೆ ಮೀಸಲಿಟ್ಟನು. ಅಂದರೆ ಮಾತಿನ ಪ್ರಮಾಣವನ್ನು ಅಳೆಯಲು ಹೊರಟ ವ್ಯಾಕರಣವು ಅದರ ಗುಣವನ್ನು ಅಳೆದು ಹಿಂದಿರುಗಿತು. ಮಾತನಾಡುವವನು ತನ್ನ ಮಾತನ್ನು ನಿಲ್ಲಿಸಬಲ್ಲನೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಕನ್ನಡದ ನಾಮಪದಗಳಲ್ಲಿಯೂ ಇದೇ ಸ್ಥಿತಿ. 'ಗಾರ' ಪ್ರತ್ಯಯ ಹಚ್ಚಿದರೆ ಮಾತುಗಾರ, 'ಆಳಿ' ಹಚ್ಚಿದರೆ ಮಾತಾಳಿ. ಬಾಯಾಳಿ, ಬಾಯಿಬಡುಕ, ವಾಚಾಳಿ, ಹರಟೆಮಲ್ಲ ಮೊದಲಾದ ಎಲ್ಲ ಪದಗಳಲ್ಲಿಯೂ ಬೈಗುಳದ ವಾಸನೆ ಇದೆ. ಆದರೆ ಕನ್ನಡದ ಕ್ರಿಯಾಪದಗಳ ಕಡೆಗೆ ತಿರುಗಿದರೆ ಚಿತ್ರ ಬೇರೆಯಾಗುತ್ತದೆ. ಹರಟುವುದು, ಗಳಹುವುದು, ವಟಗುಟ್ಟುವುದು, ಕೊರೆಯುವುದು ಎಂಬಲ್ಲಿ ಕರ್ತೃವಿಗೆ ಸ್ವಾತಂತ್ರ್ಯವಿದೆ. ಅವನು ಬೇಕೆಂದೇ ಹಾಗೆ ಮಾಡುತ್ತಾನೆ, ಬೇಡವೆಂದರೆ ನಿಲ್ಲಿಸಬಲ್ಲ. ಕನವರಿಸುವುದು, ಬಡಬಡಿಸುವುದು ಎಂಬಲ್ಲಿ ಆ ಸ್ವಾತಂತ್ರ್ಯವಿಲ್ಲ. ನಿದ್ದೆಯಲ್ಲಿ ಕನವರಿಸಿದವನನ್ನೂ ಜ್ವರದಲ್ಲಿ ಬಡಬಡಿಸಿದವನನ್ನೂ ಯಾರೂ ವಾಚಾಳಿಯೆಂದು ಬಯ್ಯುವುದಿಲ್ಲ. ಹಣೆ ಮುಟ್ಟಿ ನೋಡುತ್ತಾರೆ. ಸಂಸ್ಕೃತ ವೈಯಾಕರಣರು ಬಿಟ್ಟುಹೋದ ಭೇದವನ್ನು ಕನ್ನಡದ ಮನೆಮಾತು ಹೀಗೆ ಸದ್ದಿಲ್ಲದೆ ಕಾಪಾಡಿಕೊಂಡು ಬಂದಿದೆ. (ಹರಟೆಯು ಮುಂದೆ ಪ್ರಬಂಧ ಪ್ರಕಾರವೊಂದರ ಹೆಸರಾಗಿ ಮರ್ಯಾದೆ ಪಡೆದದ್ದು ಬೇರೆಯ ಕಥೆ.)

ಶಾಸ್ತ್ರಗ್ರಂಥಗಳಲ್ಲಿ ಅತಿಮಾತಿಗೆ ಅತ್ಯಂತ ನಿಖರವಾದ ಸ್ಥಾನವನ್ನು ಕೊಟ್ಟವರು ಜೈನಾಚಾರ್ಯರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ಬರಬಹುದಾದ ಅತಿಚಾರಗಳ ಪಟ್ಟಿ ಇದೆ. ಅದರಲ್ಲಿ 'ಮೌಖರ್ಯ' ಎಂಬುದೊಂದು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ಪದವಿದೆ. ಪದಕ್ಕಿಂತಲೂ ಅದು ಇರುವ ಸ್ಥಳ ಮುಖ್ಯ. ಮಾತಿಗೆ ಸಂಬಂಧಪಟ್ಟ ದೋಷವಾದ್ದರಿಂದ ಮೌಖರ್ಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಬರಬೇಕೆಂದು ಓದುಗನು ನಿರೀಕ್ಷಿಸುತ್ತಾನೆ. ಅಲ್ಲಿ ಇರುವುದು ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಎಲ್ಲವೂ ವಂಚನೆಗೆ ಅಥವಾ ಗುಟ್ಟು ಹೊರಗೆಡಹುವುದಕ್ಕೆ ಸಂಬಂಧಿಸಿದವು. ಮೌಖರ್ಯ ಬರುವುದು ಅನರ್ಥದಂಡವಿರತಿಯ ಕೆಳಗೆ, ಕಂದರ್ಪ, ಕೌತ್ಕುಚ್ಯಗಳ ಜೊತೆಗೆ, ಆಲೋಚಿಸದೆ ಮಾಡುವ ಕಾರ್ಯ ಮತ್ತು ಅಗತ್ಯ ಮೀರಿದ ಭೋಗೋಪಭೋಗಗಳ ನೆರೆಯಲ್ಲಿ. ಆದ್ದರಿಂದ ಸೂತ್ರಕಾರನ ದೃಷ್ಟಿಯಲ್ಲಿ ಅತಿಮಾತಿನ ತಪ್ಪು ಅದು ಸುಳ್ಳೆಂಬುದರಲ್ಲಿ ಇಲ್ಲ. ಆಡಿದ್ದೆಲ್ಲ ಸತ್ಯವೇ ಇರಬಹುದು. ಆದರೂ ಅದಕ್ಕೆ 'ಅರ್ಥ'ವಿಲ್ಲದಿದ್ದರೆ, ಅಂದರೆ ಪ್ರಯೋಜನವಿಲ್ಲದಿದ್ದರೆ, ಅದು ನೀರನ್ನು ಸುಮ್ಮನೆ ಚೆಲ್ಲಿದಂತೆ, ಮರವನ್ನು ಸುಮ್ಮನೆ ಕಡಿದಂತೆ.

ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ಮೌಖರ್ಯವನ್ನು ವಿವರಿಸುವಾಗ ಮೂರು ಅಂಶಗಳನ್ನು ಹೇಳುತ್ತಾನೆ: ಅದರಲ್ಲಿ ಧಾರ್ಷ್ಟ್ಯ ಅಧಿಕವಾಗಿರುತ್ತದೆ, ಅದು ಅನರ್ಥಕವಾಗಿರುತ್ತದೆ, ಅದು ಬಹುಪ್ರಲಾಪವಾಗಿರುತ್ತದೆ. ಈ ಮೂರರಲ್ಲಿ ಧಾರ್ಷ್ಟ್ಯವೆಂಬುದು ನಿರ್ಣಾಯಕ. ಧಾರ್ಷ್ಟ್ಯಕ್ಕೆ ಮನಸ್ಸು ಬೇಕು. ತಡೆಯಬಹುದಾದುದನ್ನು ತಡೆಯದಿರುವ ದಿಟ್ಟತನ ಬೇಕು. ಉಳಿದ ಎರಡು ಲಕ್ಷಣಗಳಾದರೋ ಸನ್ನಿಯ ರೋಗಿಯಲ್ಲಿಯೂ ಕಾಣುವಂಥವು. 'ಅನರ್ಥಕ' ಎಂಬ ಪದದ ಎರಡು ಮುಖಗಳೂ ಇಲ್ಲಿ ಕೂಡುತ್ತವೆ. ಶ್ರಾವಕನ ಅತಿಮಾತಿಗೆ ಪ್ರಯೋಜನವಿಲ್ಲ, ರೋಗಿಯ ಅತಿಮಾತಿಗೆ ಅಭಿಧೇಯವಿಲ್ಲ. ಕೇಳುವವನ ಕಿವಿಗೆ ಎರಡೂ ಒಂದೇ ರೀತಿಯಲ್ಲಿ ಬೀಳುತ್ತವೆ. ಆದರೆ ವ್ರತಭಂಗದ ಪ್ರಶ್ನೆ ಮೊದಲನೆಯವನಿಗೆ ಮಾತ್ರ ಅನ್ವಯಿಸುತ್ತದೆ. ಮುನಿಗಳಿಗೆ ಹೇಳಿದ ವಾಗ್ಗುಪ್ತಿಯೂ ಹಾಗೆಯೇ. ಯೋಗವನ್ನು ಸಮ್ಯಕ್ಕಾಗಿ ನಿಗ್ರಹಿಸುವುದು ಗುಪ್ತಿ ಎಂದಾಗ ನಿಗ್ರಹಿಸಬಲ್ಲವನೊಬ್ಬನು ಒಳಗಿದ್ದಾನೆಂಬುದು ಗೃಹೀತ.

ಆ ಒಳಗಿರುವವನು ಇಲ್ಲದೆಯೂ ಮಾತು ಸಾಧ್ಯವೇ? ಜೈನ ಸಿದ್ಧಾಂತದಲ್ಲಿ ಇದಕ್ಕೆ ಅನಿರೀಕ್ಷಿತವಾದ ಒಂದು ಅವಕಾಶವಿದೆ. ಜೀವವು ಶರೀರ ಪಡೆಯುವಾಗ ಪೂರ್ಣಗೊಳಿಸಿಕೊಳ್ಳುವ ಶಕ್ತಿಗಳನ್ನು ಪರ್ಯಾಪ್ತಿಗಳೆಂದು ಕರೆದು ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂದು ಆರು ಬಗೆಯಾಗಿ ಎಣಿಸಲಾಗಿದೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡದಲ್ಲಿ ಇದರ ವಿಸ್ತಾರವಿದೆ. ಕೇಶವವರ್ಣಿಯು 1359ರಲ್ಲಿ ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಇಲ್ಲಿ ಭಾಷೆ ಮತ್ತು ಮನಸ್ಸು ಎರಡು ಬೇರೆ ಬೇರೆ ಶಕ್ತಿಗಳು. ಎರಡು ಇಂದ್ರಿಯಗಳ ಜೀವಿಯಿಂದ ಮೊದಲ್ಗೊಂಡು ಭಾಷಾಪರ್ಯಾಪ್ತಿ ಇದೆ, ಮನಃಪರ್ಯಾಪ್ತಿ ಸಂಜ್ಞಿಗಳಿಗೆ ಮಾತ್ರ. ಮನಸ್ಸಿಲ್ಲದ ಭಾಷೆ ತಾತ್ತ್ವಿಕವಾಗಿ ಸಾಧ್ಯವೆಂದು ಒಪ್ಪಿದ ವ್ಯವಸ್ಥೆ ಇದು. ಇದನ್ನು ಹಿಡಿದು ನಮ್ಮ ಆಚಾರ್ಯರು ಮೆದುಳಿನ ವಾಕ್‌ಕೇಂದ್ರಗಳನ್ನು ಮೊದಲೇ ಕಂಡಿದ್ದರು ಎನ್ನುವುದು ವಿದ್ವತ್ತಲ್ಲ, ಅಭಿಮಾನ ಮಾತ್ರ. ಕರ್ಮಸಿದ್ಧಾಂತದ ಪ್ರಶ್ನೆಯೇ ಬೇರೆ, ವೈದ್ಯದ ಪ್ರಶ್ನೆಯೇ ಬೇರೆ. ಆದರೆ ಮಾತನ್ನು ಮನಸ್ಸಿನ ಕನ್ನಡಿಯೆಂದೇ ನಂಬಿದ ಪರಂಪರೆಗಳಿಗಿಂತ ಈ ವಿಭಾಗಕ್ಕೆ ಒಗ್ಗಿದ ಓದುಗನಿಗೆ ಮುಂದೆ ಬರುವ ರೋಗಿಯನ್ನು ಅರಿಯುವುದು ಸುಲಭವಾದೀತು.

ಪೂಜ್ಯಪಾದನು ಮೌಖರ್ಯದ ವಿವರಣೆಯಲ್ಲಿ ಬಳಸಿದ 'ಪ್ರಲಾಪ'ವು ವೈದ್ಯರ ಪಾರಿಭಾಷಿಕ ಪದವೂ ಹೌದು. ಈ ಹೊಂದಾಣಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕಲು ಮನಸ್ಸು ಬಾರದಿರುವುದಕ್ಕೆ ಕಾರಣವಿದೆ. ಪರಂಪರೆಯು ಪೂಜ್ಯಪಾದ ದೇವನಂದಿಯನ್ನು ಜೈನೇಂದ್ರ ವ್ಯಾಕರಣದ ಕರ್ತೃವೆಂದೂ ವೈದ್ಯಗ್ರಂಥಕಾರನೆಂದೂ ಒಟ್ಟಿಗೆ ನೆನೆಯುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ತನ್ನ ಕರ್ಣಾಟಕ ಕಲ್ಯಾಣಕಾರಕವು ಪೂಜ್ಯಪಾದನ ಗ್ರಂಥದ ಕನ್ನಡ ರೂಪವೆಂದು ಹೇಳಿಕೊಂಡಿದ್ದಾನೆ. ದೇಹ, ಮಾತು, ಚಿತ್ತ ಮೂರರ ಕಳಂಕವನ್ನೂ ಅವನ ವಚನಗಳು ಕಳೆದವೆಂಬ ಸ್ತುತಿ ಶುಭಚಂದ್ರನ ಜ್ಞಾನಾರ್ಣವದಲ್ಲಿದೆ. ಇದೇ ಹೆಸರಿನ ಸಂಸ್ಕೃತ ಕಲ್ಯಾಣಕಾರಕವನ್ನು ಉಗ್ರಾದಿತ್ಯಾಚಾರ್ಯನು ರಚಿಸಿದ್ದು, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಂದಿಗೆ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಕನ್ನಡ ನಾಡಿನ ಜೈನ ವೈದ್ಯಪರಂಪರೆಗೆ ವ್ಯಾಕರಣದ ನಂಟು ಹೀಗೆ ಹುಟ್ಟಿನಿಂದಲೇ ಬಂದದ್ದು.

ಪ್ರಲಾಪದ ವೈದ್ಯಕೀಯ ನೆಲೆಯನ್ನು ನೋಡಲು ಚರಕಸಂಹಿತೆಗೆ ಹೋಗಬೇಕು. ಸೂತ್ರಸ್ಥಾನದ 20ನೆಯ ಅಧ್ಯಾಯದಲ್ಲಿ ಕೇವಲ ವಾತದಿಂದ ಉಂಟಾಗುವ 80 ವಿಕಾರಗಳ ಪಟ್ಟಿ ಇದೆ. ಮೂಕತ್ವ ಆ ಪಟ್ಟಿಯಲ್ಲಿದೆ, ಮಾತು ತಡೆದು ನಿಲ್ಲುವ ವಾಕ್ಸಂಗ ಅದರಲ್ಲಿದೆ, ಕೊನೆಯ ಭಾಗಕ್ಕೆ ಬಂದಾಗ ಅತಿಪ್ರಲಾಪವೂ ಅದರಲ್ಲಿಯೇ ಸಿಗುತ್ತದೆ. ಮಾತಿನ ಅಭಾವವನ್ನೂ ಅತಿರೇಕವನ್ನೂ ಒಂದೇ ದೋಷದ ಕೆಲಸವೆಂದು ಎಣಿಸಿದ್ದು ಗಮನಾರ್ಹ. ಅದರ ಅರ್ಥ, ಅತಿಮಾತು ಶಕ್ತಿಯ ಹೆಚ್ಚಳದಿಂದ ಬಂದದ್ದಲ್ಲ, ನಿಯಮನ ಕೆಟ್ಟದ್ದರಿಂದ ಬಂದದ್ದು. ನಿದಾನಸ್ಥಾನದ ಉನ್ಮಾದ ಪ್ರಕರಣದಲ್ಲಿ ವಾತೋನ್ಮಾದದ ರೋಗಿಯನ್ನು ವರ್ಣಿಸುವಾಗ, ನಿಯಮವಿಲ್ಲದ ಮಾತುಗಳನ್ನು ಅವನು ಎಡೆಬಿಡದೆ ಹೊರಬಿಡುತ್ತಿರುತ್ತಾನೆಂದು ಹೇಳಿದೆ. ಅಲ್ಲಿ 'ಆಡುತ್ತಾನೆ' ಎನ್ನದೆ ಮಾತಿನ 'ಉತ್ಸರ್ಗ' ಎಂದಿದ್ದಾನೆ ಗ್ರಂಥಕಾರ. ಶರೀರವು ಮಲವನ್ನು, ಬೆವರನ್ನು ಹೊರಹಾಕುವಂತೆ ಬಾಯಿಯು ಮಾತನ್ನು ಹೊರಹಾಕುತ್ತದೆಂಬ ಭಾವ. ಬಿರುಸಾದ ಶಬ್ದವೆನಿಸಿದರೂ ಅದರಲ್ಲಿ ನಿಂದೆಯಿಲ್ಲ. ವಾಚಾಲನೆಂದು ಬೈಸಿಕೊಂಡವನು ಇಲ್ಲಿ ಮೊದಲ ಬಾರಿಗೆ ರೋಗಿಯಾಗುತ್ತಾನೆ.

ಆದರೂ ಅತಿಪ್ರಲಾಪವನ್ನು ಇಂದಿನ ಯಾವುದೋ ಒಂದು ವ್ಯಾಧಿಯ ಹೆಸರಿಗೆ ಸಮೀಕರಿಸುವುದು ಅಪಾಯಕರ. ಚರಕನ ಪಟ್ಟಿಯಲ್ಲಿ ಅದೊಂದು ಲಕ್ಷಣ, ವ್ಯಾಧಿಯಲ್ಲ. ಸನ್ನಿಪಾತ ಜ್ವರದಲ್ಲಿಯೂ ಪ್ರಲಾಪವಿದೆ, ಉನ್ಮಾದದಲ್ಲಿಯೂ ಇದೆ. ಜೊತೆಗೆ, ಮಾನುಷವೆನಿಸದ ಮಾತು, ಮಾನುಷವೆನಿಸದ ಬಲ ಕಂಡರೆ ಅದು ಭೂತೋನ್ಮಾದವೆಂಬ ಮತ್ತೊಂದು ಬಾಗಿಲನ್ನೂ ಅವನು ತೆರೆದಿಟ್ಟಿದ್ದಾನೆ; ದರ್ಗಾ, ಗುಡಿ, ಮಂತ್ರವಾದಿಗಳ ಕಡೆಗೆ ಹೋಗುವ ದಾರಿ ಅದೇ. ಚಿಕಿತ್ಸೆಯಲ್ಲಿ ಹಳೆಯ ತುಪ್ಪ, ಸ್ನೇಹಿತರ ಸಾಂತ್ವನದ ಮಾತುಗಳಿರುವಂತೆ, ಹಲ್ಲು ಕಿತ್ತ ಹಾವಿನಿಂದ ಹೆದರಿಸುವುದು, ರಾಜಭಟರಿಂದ ಬೆದರಿಸುವುದು ಸಹ ಇವೆ. ಪ್ರಾಚೀನ ವೈದ್ಯವನ್ನು ಕೊಂಡಾಡುವ ಲೇಖನಗಳು ಮೊದಲ ಭಾಗವನ್ನು ಉದ್ಧರಿಸಿ ಎರಡನೆಯದನ್ನು ಬಿಡುತ್ತವೆ.

ಬೆಂಗಳೂರಿಗೆ ಹಿಂದಿರುಗಿದರೆ, ಪ್ರಲಾಪವು ಇಲ್ಲಿಯ ಬೀದಿಬೀದಿಗಳಲ್ಲಿ ಕೇಳಿಬಂದ ಕಾಲವೊಂದಿತ್ತು. 1898ರ ಆಗಸ್ಟಿನಲ್ಲಿ ಪ್ಲೇಗು ನಗರವನ್ನು ಹೊಕ್ಕಿತು. ಕುಡಿದವನಂತೆ ತೊದಲುವ ನಾಲಿಗೆ, ತೂರಾಡುವ ನಡಿಗೆ, ಜ್ವರ ಏರಿದಂತೆ ನಿಲ್ಲದ ಬಡಬಡಿಕೆ, ಹಾಸಿಗೆಯಿಂದೆದ್ದು ಓಡಲೆಳಸುವುದು ಆ ರೋಗದ ಪ್ರಸಿದ್ಧ ಲಕ್ಷಣಗಳು. ರೋಗಿಗಳನ್ನು ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸುವ ಸರಕಾರದ ಕ್ರಮಕ್ಕೆ ಅಂಜಿ ಜನ ರೋಗಿಗಳನ್ನು ಮನೆಯೊಳಗೆ ಬಚ್ಚಿಡುತ್ತಿದ್ದ ಕಾಲ ಅದು. ಬಾವನ್ನು ಬಟ್ಟೆಯಲ್ಲಿ ಮುಚ್ಚಬಹುದು. ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗಳಲ್ಲಿ ನಡುರಾತ್ರಿಯ ಬಡಬಡಿಕೆಯನ್ನು ಮುಚ್ಚುವುದು ಹೇಗೆ? ಮನೆಯ ಗುಟ್ಟನ್ನು ಬೀದಿಗೆ ತರಬಲ್ಲದ್ದು ರೋಗಿಯ ಬಾಯಿಯೇ ಆಗಿತ್ತು. ಪ್ಲೇಗಿನ ನಂತರ ನಗರದ ಹಲವೆಡೆ ಪ್ಲೇಗಮ್ಮನ ಗುಡಿಗಳು ಎದ್ದವು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳೂ ಗಾಳಿಯಾಡುವ ಮನೆಗಳೂ ರೂಪುಗೊಂಡವು. 1897ರಲ್ಲಿ ಅಡಿಗಲ್ಲು ಕಂಡಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದನು. ಜ್ವರದ ಪ್ರಲಾಪಕ್ಕೆ ಅಂದಿನಿಂದ ಒಂದು ವಿಳಾಸ ದೊರೆಯಿತು.

ಜ್ವರವಿಲ್ಲದ ಪ್ರಲಾಪಕ್ಕೆ ಅದಕ್ಕೂ ಮೊದಲೇ ಬೇರೊಂದು ವಿಳಾಸವಿತ್ತು. 1847ರಲ್ಲಿ ಹಳೆಯ ಪೇಟೆಯ ಭಾಗದಲ್ಲಿ ಬೆಂಗಳೂರು ಹುಚ್ಚರ ಆಸ್ಪತ್ರೆ ಆರಂಭವಾಯಿತು. ಮೈಸೂರು ಸರಕಾರ 1925ರಲ್ಲಿ ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆಯಿತು. 1930ರ ದಶಕದಲ್ಲಿ ಅದು ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊಸೂರು ರಸ್ತೆಯ ಬದಿಯ ವಿಸ್ತಾರವಾದ ನಿವೇಶನಕ್ಕೆ ಹೋಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆಯುರ್ವೇದದ ಸಂಶೋಧನಾ ಘಟಕವೊಂದು 1950ರ ದಶಕದ ಕೊನೆಯಲ್ಲಿಯೇ ಈ ಆವರಣದಲ್ಲಿ ನೆಲೆಸಿತೆಂಬುದು ಚರಕನನ್ನು ಓದಿ ಬಂದವರಿಗೆ ಸಂತೋಷ ಕೊಡುವ ಸಂಗತಿ.

ಸಾಹಿತ್ಯ ವಿದ್ಯಾರ್ಥಿಯು ಇಲ್ಲಿ ಕೇಳಬೇಕಾದ ಪ್ರಶ್ನೆ ಕಟ್ಟಡಗಳದ್ದಲ್ಲ, ದಾಖಲೆಗಳದ್ದು. ಬ್ರಿಟಿಷ್ ಭಾರತದಲ್ಲಿ 1858 ಮತ್ತು 1912ರ ಕಾಯಿದೆಗಳ ಪ್ರಕಾರ ಒಬ್ಬನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಲು ವೈದ್ಯನು ಪ್ರಮಾಣಪತ್ರ ಬರೆಯಬೇಕಿತ್ತು. ಅದರಲ್ಲಿ ಎರಡು ಅಂಕಣ: ವೈದ್ಯನು ತಾನೇ ಕಂಡ ಲಕ್ಷಣಗಳು, ಇತರರು ತಿಳಿಸಿದ ಲಕ್ಷಣಗಳು. ಮೊದಲ ಅಂಕಣಕ್ಕೆ ಅತ್ಯಂತ ಸುಲಭವಾಗಿ ಸಿಗುವ ಲಕ್ಷಣವೆಂದರೆ ಮಾತು. 'ಅಸಂಬದ್ಧವಾಗಿ ಮಾತನಾಡುತ್ತಾನೆ', 'ಎಡೆಬಿಡದೆ ಮಾತನಾಡುತ್ತಾಳೆ' ಎಂಬರ್ಥದ ಇಂಗ್ಲಿಷ್ ವಿಶೇಷಣಗಳು ವಸಾಹತು ಕಾಲದ ಇಂಥ ಕಡತಗಳಲ್ಲಿ ಸಾಮಾನ್ಯ. ಮಾತು ದಕ್ಖನಿಯಲ್ಲಿತ್ತೋ ತಮಿಳಿನಲ್ಲಿತ್ತೋ ಕನ್ನಡದಲ್ಲಿತ್ತೋ, ವಾಕ್ಯ ಮುರಿದಿತ್ತೋ, ಪದವೇ ಮುರಿದಿತ್ತೋ, ಕೇಳಿದ ಪ್ರಶ್ನೆ ಅವನಿಗೆ ತಿಳಿಯಿತೋ ಇಲ್ಲವೋ, ಇದಾವುದೂ ಆ ವಿಶೇಷಣದಲ್ಲಿ ಉಳಿಯುವುದಿಲ್ಲ. ಮಾತಿನ ಮಹಾಪ್ರವಾಹವೊಂದು ಒಂದೇ ಪದವಾಗಿ ಕಡತ ಸೇರುತ್ತದೆ. ಅತಿ ಹೆಚ್ಚು ಮಾತನಾಡಿದವರ ಒಂದು ಮಾತೂ ಚರಿತ್ರೆಗೆ ದಕ್ಕಲಿಲ್ಲ.

ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯಲು ಬೆಂಗಳೂರಿನಿಂದ ಬಹುದೂರ, ಬ್ರೆಸ್ಲಾವ್ ನಗರಕ್ಕೆ ಹೋಗಬೇಕು. ಅದು ಇಂದಿನ ಪೋಲೆಂಡಿನಲ್ಲಿದೆ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ, ಒಂದೇ ಒಂದು ಉಚ್ಚಾರವನ್ನು ಬಿಟ್ಟು ಬೇರೇನನ್ನೂ ಆಡಲಾಗದ ರೋಗಿಯ ಮೆದುಳನ್ನು ವಿವರಿಸಿದ್ದನು. ಮಾತು ನಿಂತವನು ಮೆದುಳಿನ ರೋಗಿಯೆಂಬುದನ್ನು ಒಪ್ಪಲು ವೈದ್ಯಲೋಕಕ್ಕೆ ಕಷ್ಟವಾಗಲಿಲ್ಲ. ಮಾತು ನಿಲ್ಲದವನೂ ಅಂಥವನೇ ಎಂದು ತೋರಿಸಲು ಇನ್ನೂ 13 ವರ್ಷ ಬೇಕಾಯಿತು. 1874ರಲ್ಲಿ 26 ವಯಸ್ಸಿನ ಕಾರ್ಲ್ ವೆರ್ನಿಕೆ ಪ್ರಕಟಿಸಿದ ಪುಟ್ಟ ಗ್ರಂಥದಲ್ಲಿ ಬರುವ ರೋಗಿಗಳು ನಿರರ್ಗಳವಾಗಿ ಮಾತನಾಡುತ್ತಿದ್ದರು. ಮಾತಿನ ಲಯ, ಏರಿಳಿತ ಸಹಜವಾಗಿದ್ದವು. ಆದರೆ ಪದಗಳು ತಪ್ಪಿದ್ದವು, ಕೇಳಿದ್ದು ಅರ್ಥವಾಗುತ್ತಿರಲಿಲ್ಲ. ಅವರಲ್ಲೊಬ್ಬ ವೃದ್ಧೆಯನ್ನು ಬುದ್ಧಿ ಕೆಟ್ಟವಳೆಂದೇ ಎಣಿಸಲಾಗಿತ್ತು. ಅವಳು ತೀರಿಕೊಂಡ ಮೇಲೆ ಮೆದುಳಿನ ಎಡಭಾಗದಲ್ಲಿ, ಕಿವಿಯ ನೇರಕ್ಕಿರುವ ಮಡಿಕೆಯಲ್ಲಿ ಹಾನಿ ಕಂಡಿತು. ಇಂಥವರಲ್ಲಿ ಕೈಕಾಲು ಬಿದ್ದಿರುವುದಿಲ್ಲ, ಬಾಯಿ ಸೊಟ್ಟಗಾಗಿರುವುದಿಲ್ಲ. ಅನೇಕ ವೇಳೆ ತಾವು ತಪ್ಪಾಗಿ ಆಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ; ಎದುರಿಗಿದ್ದವನಿಗೆ ತಿಳಿಯದಿದ್ದರೆ ಅವನ ಮೇಲೆಯೇ ಸಿಟ್ಟು. ನೋಡಿದವರಿಗೆ ಇದು ಲಕ್ವದಂತೆ ತೋರುವುದೇ ಇಲ್ಲ, ಹುಚ್ಚಿನಂತೆಯೇ ತೋರುತ್ತದೆ.

ಬಿನ್ನಿಪೇಟೆಯಂಥ ಬಡಾವಣೆಯಲ್ಲಿ ಈ ತೊಡಕು ಇಮ್ಮಡಿಯಾಗಬಲ್ಲದು. ಒಂದೇ ವಠಾರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ನಡೆಯುವಲ್ಲಿ, ಸರಿಯಾದ ಲಯದಲ್ಲಿ ಹರಿಯುವ ಅರ್ಥವಿಲ್ಲದ ಮಾತನ್ನು ಕೇಳಿದವನಿಗೆ ಅದು ತನಗೆ ಬಾರದ ಇನ್ನೊಂದು ನುಡಿಯೆಂದು ಅನ್ನಿಸುವುದು ಸಹಜ. ವೈದ್ಯನಿಗೂ ಹಾಗೆಯೇ ಅನ್ನಿಸೀತು. ರಕ್ತನಾಳ ಕಟ್ಟಿಕೊಂಡು ಬಂದ ಆಘಾತಕ್ಕೆ ಇಂದು ಹೆಪ್ಪು ಕರಗಿಸುವ ಔಷಧವುಂಟು; ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. 'ತಲೆ ಕೆಟ್ಟಿದೆ, ನಾಳೆ ನೋಡೋಣ' ಎಂದು ಮನೆಯವರು ಅಂದುಕೊಂಡರೆ ಆ ಗಂಟೆಗಳು ಕಳೆದುಹೋಗುತ್ತವೆ. ಮೌಖರ್ಯವೋ ಪ್ರಲಾಪವೋ ಎಂಬ ಹಳೆಯ ಶಾಸ್ತ್ರಚರ್ಚೆಗೆ ಇಂದು ಗಡಿಯಾರ ಕಟ್ಟಿದೆ.

ಮಾತು ಉಕ್ಕುವ ಇನ್ನೊಂದು ರೋಗವೂ ಇದೆ. ಎಮಿಲ್ ಕ್ರೇಪೆಲಿನ್ 1899ರಲ್ಲಿ ಒಂದೇ ವ್ಯಾಧಿಯಾಗಿ ಕೂಡಿಸಿದ ಉನ್ಮಾದ ಮತ್ತು ಖಿನ್ನತೆಗಳಲ್ಲಿ ಮೊದಲನೆಯದರ ಗುರುತು ತಡೆಯಲಾಗದ ಮಾತಿನ ಒತ್ತಡ. ಅಲ್ಲಿ ರೋಗಿಗೆ ಕೇಳಿದ್ದು ತಿಳಿಯುತ್ತದೆ. ಪದಗಳು ಸರಿಯಾಗಿಯೇ ಇರುತ್ತವೆ. ವಿಚಾರದಿಂದ ವಿಚಾರಕ್ಕೆ ಹಾರುವ ವೇಗ ಮಾತ್ರ ಕೇಳುವವನ ಕೈಗೆ ಸಿಗುವುದಿಲ್ಲ. ಎಷ್ಟೋ ಸಲ ಆ ಹಾರಾಟ ಅರ್ಥದ ದಾರಿಯಲ್ಲಿ ಸಾಗದೆ ಧ್ವನಿಸಾಮ್ಯದ ದಾರಿ ಹಿಡಿಯುತ್ತದೆ. ಆದಿಪ್ರಾಸಕ್ಕೆ ಸಾವಿರ ವರ್ಷ ದುಡಿದ ಕನ್ನಡ ಕವಿಪರಂಪರೆಯ ಓದುಗನಿಗೆ ಇದು ಸ್ವಲ್ಪ ಮುಜುಗರ ತರುವ ಸಂಗತಿ. ಕವಿ ಪ್ರಾಸವನ್ನು ಹುಡುಕುತ್ತಾನೆ, ಉನ್ಮಾದಿಯನ್ನು ಪ್ರಾಸವೇ ಎಳೆದೊಯ್ಯುತ್ತದೆ ಎಂದಷ್ಟು ಹೇಳಿ ಸಮಾಧಾನಪಡಬಹುದು.

ಇವೆರಡನ್ನೂ ಬೇರ್ಪಡಿಸುವ ಕೆಲಸ ಕನ್ನಡದಲ್ಲಿ ಶಾಸ್ತ್ರೀಯವಾಗಿ ನಡೆದದ್ದು ಮೈಸೂರಿನ ಕಡೆಯಿಂದ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಂಸ್ಥೆ ಮುಂದಿನ ವರ್ಷ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೆಂಬ ಹೆಸರು ಪಡೆದು ಮಾನಸಗಂಗೋತ್ರಿಯಲ್ಲಿ ನೆಲೆನಿಂತಿತು. ವಾಗ್ದೋಷ ಎಂದರೆ ತೊದಲು ಮತ್ತು ಮೂಕತನ ಎಂದಷ್ಟೇ ತಿಳಿದಿದ್ದ ನಾಡಿಗೆ ನಿರರ್ಗಳವಾದ ಮಾತೂ ವಾಗ್ದೋಷವಾಗಬಹುದೆಂದು ಕಲಿಸಿದ ಕೀರ್ತಿ ಬಹುಮಟ್ಟಿಗೆ ಅಲ್ಲಿ ಬೆಳೆದ ಶಿಸ್ತಿಗೆ ಸಲ್ಲಬೇಕು. 1980ರ ಸುಮಾರಿಗೆ ಪ್ರತಿಭಾ ಕಾರಂತರು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯವೇ ವಾಗ್ನಷ್ಟರ ಭಾಷೆ ಮತ್ತು ಚಿತ್ತವಿಕಲರ ಭಾಷೆಯ ತುಲನೆ. ಶತಮಾನಕ್ಕೂ ಹೆಚ್ಚು ಕಾಲ ಒಂದೇ ವಿಶೇಷಣದ ಅಡಿಯಲ್ಲಿ ಬಿದ್ದಿದ್ದ ಎರಡು ಬಗೆಯ ಮಾತುಗಳನ್ನು ಎದುರುಬದುರು ಇಟ್ಟ ಕೆಲಸವದು. ಅವರು ರೂಪಿಸಿದ ಕನ್ನಡದ ಭಾಷಾ ಪರೀಕ್ಷೆಯಲ್ಲಿ ಧ್ವನಿ, ವಾಕ್ಯ, ಅರ್ಥ ಎಂಬ ಮೂರು ಭಾಗಗಳಿವೆ. ಕೇಳಿದ ವಾಕ್ಯವು ವ್ಯಾಕರಣಬದ್ಧವೋ ಅಲ್ಲವೋ ಎಂದು ರೋಗಿಯೇ ತೀರ್ಮಾನಿಸಬೇಕಾದ ಪ್ರಶ್ನೆಗಳೂ ಅದರಲ್ಲಿವೆ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕನ್ನಡ ವ್ಯಾಕರಣಕ್ಕೆ ಇಂಥ ಉಪಯೋಗ ಬಂದೀತೆಂದು ಕೇಶಿರಾಜನು ಕನಸಿನಲ್ಲಿಯೂ ಎಣಿಸಿರಲಾರ.

ಕನ್ನಡ ಸಾಹಿತ್ಯದ ಸಂಶೋಧಕರು ಈ ಕ್ಷೇತ್ರವನ್ನು ವೈದ್ಯರದೆಂದು ಬಿಟ್ಟಿರುವುದು ಸರಿಯಲ್ಲ. ನಿರರ್ಗಳ ವಾಗ್ನಷ್ಟದ ತೀವ್ರ ರೂಪದಲ್ಲಿ ರೋಗಿಯು ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳನ್ನು ಸೃಷ್ಟಿಸುತ್ತಾನೆ. ಆದರೆ ಹಲವು ಭಾಷೆಗಳಲ್ಲಿ ಕಂಡುಬಂದಿರುವಂತೆ ಆ ಹುಸಿಪದಗಳಿಗೂ ತನ್ನ ನುಡಿಯ ಸರಿಯಾದ ಪ್ರತ್ಯಯಗಳನ್ನೇ ಹಚ್ಚುತ್ತಾನೆ. ಪ್ರಕೃತಿ ನಾಶವಾಗಿ ಪ್ರತ್ಯಯ ಉಳಿಯುತ್ತದೆ. ಪ್ರತ್ಯಯದ ಮೇಲೆ ಪ್ರತ್ಯಯ ಹೇರಿ ಮಾತು ಕಟ್ಟುವ ಕನ್ನಡದಂಥ ನುಡಿಯಲ್ಲಿ ಈ ಕುಸಿತದ ಕ್ರಮ ಹೇಗಿರುತ್ತದೆಂಬುದನ್ನು ಶಬ್ದಮಣಿದರ್ಪಣ ಓದಿದವನಷ್ಟು ಚೆನ್ನಾಗಿ ಯಾರು ಗುರುತಿಸಬಲ್ಲರು? ಪಾಣಿನಿಯು ವಾಗ್ಮಿಗೂ ವಾಚಾಲನಿಗೂ ಪ್ರತ್ಯಯದಿಂದ ಭೇದ ತೋರಿದನು. ಆ ಇಬ್ಬರಲ್ಲಿ ಯಾರೂ ಅಲ್ಲದ ಈ ಮೂರನೆಯವನ ಬಾಯಲ್ಲಿ ಕಡೆಗೆ ಉಳಿಯುವುದು ಪ್ರತ್ಯಯವೇ.

ಇಂದು ಬಿನ್ನಿ ಗಿರಣಿಯ ಮಗ್ಗಗಳು ಇಲ್ಲ; ಆ ನೆಲದಲ್ಲಿ ಎತ್ತರದ ವಸತಿ ಸಮುಚ್ಚಯಗಳು ನಿಂತಿವೆ. ಹಿಂದಿನ ಓಣಿಗಳಲ್ಲಿ ಮಾತ್ರ ನಾಲ್ಕು ನುಡಿಗಳು ಇನ್ನೂ ಬೆರೆತೇ ಕೇಳುತ್ತವೆ. ನಿಲ್ಲದೆ ಮಾತನಾಡುತ್ತಿರುವ ಒಬ್ಬನನ್ನು ಅಲ್ಲಿಂದ ಆಸ್ಪತ್ರೆಗೆ ತಂದಾಗ ವೈದ್ಯನು ಮೊದಲು ಮಾಡುವ ಪರೀಕ್ಷೆ ಅತಿ ಸರಳ. 'ಕಣ್ಣು ಮುಚ್ಚಿ' ಎನ್ನುತ್ತಾನೆ. 'ಕಿಟಕಿ ತೋರಿಸಿ' ಎನ್ನುತ್ತಾನೆ. ಅಂಗೈಯಲ್ಲಿ ಬೀಗದ ಕೈ ಹಿಡಿದು 'ಇದೇನು?' ಎಂದು ಕೇಳುತ್ತಾನೆ. ಉನ್ಮಾದದವನು ನಡುವೆ ನಕ್ಕು ಬೀಗದ ಕೈಯಿಂದ ಹತ್ತು ಕಥೆ ಹೆಣೆದಾನು, ಆದರೆ ಅದು ಬೀಗದ ಕೈ ಎಂದು ಹೇಳುತ್ತಾನೆ. ವೆರ್ನಿಕೆಯ ರೋಗಿ ಕಿಟಕಿಯ ಕಡೆ ನೋಡುವುದೂ ಇಲ್ಲ, ಮಾತು ನಿಲ್ಲಿಸುವುದೂ ಇಲ್ಲ. ಆ ಮೂರು ಸಣ್ಣ ವಾಕ್ಯಗಳನ್ನು ಯಾವ ನುಡಿಯಲ್ಲಿ ಹೇಳಬೇಕೆಂದು ತಿಳಿಯಲು ವೈದ್ಯನು ಜೊತೆಗೆ ಬಂದವರ ಕಡೆಗೆ ತಿರುಗಿ, ಮನೆಯಲ್ಲಿ ಯಾವ ಮಾತು ಎಂದು ಮೊದಲು ವಿಚಾರಿಸಬೇಕಾಗುತ್ತದೆ.